ನೆಲದಿಂದ ಎರಡಡಿ ಮೇಲೆ

ಸೊಂಟದ ಕೀಲು ಬದಲಿಸಿಕೊಂಡು ಆಸ್ಪತ್ರೆಯಿಂದ ಹೊರಟಾಗ ಕೊಟ್ಟ ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ವೈದ್ಯರು ಕೈಬರಹದಲ್ಲಿ ಮೂರು ಸಾಲು ಸೇರಿಸಿದ್ದರು. ನೆಲದ ಮೇಲೆ ಕೂಡಬಾರದು. ಕಾಲ ಮೇಲೆ ಕಾಲು ಹಾಕಬಾರದು. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬಾರದು. ಹುಬ್ಬಳ್ಳಿಯಿಂದ ಕೊಪ್ಪಳಕ್ಕೆ ಬರುವ ದಾರಿಯಲ್ಲಿ ಆ ಚೀಟಿಯನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆದರೆ ಅದರ ಅರ್ಥ ಹೊಳೆದದ್ದು ನಮ್ಮ ಮನೆಯ ಹೊಸ್ತಿಲ ಮುಂದೆ ವಾಕರ್ ಹಿಡಿದು ನಿಂತಾಗ. ಬಾಗಿಲಿನಿಂದಲೇ ಅಡುಗೆಮನೆ ಕಾಣುತ್ತದೆ. ಗೋಡೆಗೆ ಒರಗಿಸಿಟ್ಟ ಪರಾತ, ಅದರ ಮುಂದೆ ನನ್ನ ಮಣೆ, ಮೂಲೆಯಲ್ಲಿ ಈಳಿಗೆ, ಒಳಗಿನ ಕೋಣೆಯಲ್ಲಿ ದೇವರ ಮುಂದಿನ ಚಾಪೆ. ಯಾವುದೂ ನೆಲದಿಂದ ಒಂದು ಗೇಣಿಗಿಂತ ಮೇಲಿಲ್ಲ.

ರೊಟ್ಟಿ ಬಡಿಯುವುದು ನೆಲದಲ್ಲಿ, ಉಣ್ಣುವುದು ನೆಲದಲ್ಲಿ, ಜೋಳ ಹಸನು ಮಾಡುವುದು, ಶೇಂಗಾ ಬಿಡಿಸುವುದು, ಬಂದವರೊಡನೆ ಸುಖದುಃಖ ಮಾತನಾಡುವುದು ನೆಲದಲ್ಲಿ. ಸ್ನಾನ ಬಚ್ಚಲ ಕಲ್ಲಿನ ಮೇಲೆ ಕುಳಿತು. ಪಾಯಿಖಾನೆಯ ವಿಷಯವನ್ನು ಹೇಳುವುದೇ ಬೇಡ. 64 ವರ್ಷ ಹೀಗೆ ಬದುಕಿದ ನನಗೆ ನಮ್ಮ ಮನೆ ನೆಲದ ಮೇಲೆ ನಡೆಯುವ ಮನೆ ಎಂಬುದು ಅಂದು ಮೊದಲ ಬಾರಿಗೆ ಕಂಡಿತು.

ನೋವು ಶುರುವಾದದ್ದು ಮೊಣಕಾಲಿನಲ್ಲಿ. ಹಾಗೆಂದು ನಾನೂ ನಂಬಿದ್ದೆ, ನನ್ನನ್ನು ನೋಡಿದ ವೈದ್ಯರೂ ನಂಬಿದ್ದರು. ಎರಡು ವರ್ಷ ಮೊಣಕಾಲಿಗೆ ಎಣ್ಣೆ ತಿಕ್ಕಿದೆ, ಪಟ್ಟಿ ಕಟ್ಟಿದೆ, ಗುಳಿಗೆ ನುಂಗಿದೆ. ಮೊಣಕಾಲಿನ ಎಕ್ಸ್‌ರೇ ಮೂರು ಸಲ ಆಯಿತು, ಪ್ರತಿ ಸಲವೂ "ಅಷ್ಟೇನೂ ಸವೆದಿಲ್ಲ" ಎಂಬ ಮಾತು. ಕೊನೆಗೆ ಇನ್ನೊಬ್ಬ ವೈದ್ಯರು ನನ್ನನ್ನು ಮಲಗಿಸಿ, ಮೊಣಕಾಲನ್ನು ಮಡಚಿ, ಪಾದವನ್ನು ಮೆಲ್ಲಗೆ ಹೊರಕ್ಕೂ ಒಳಕ್ಕೂ ತಿರುಗಿಸಿ ನೋಡಿದರು. ತೊಡೆಸಂದಿಯಲ್ಲಿ ಎದ್ದ ನೋವಿಗೆ ನಾನು ಕೂಗಿಕೊಂಡೆ. ಅವರು ಚಪ್ಪೆಯ, ಅಂದರೆ ಸೊಂಟದ ಕೀಲಿನ, ಎಕ್ಸ್‌ರೇ ಬರೆದುಕೊಟ್ಟರು. ಸೊಂಟದ ಕೀಲಿಗೂ ಮೊಣಕಾಲಿಗೂ ಒಂದೇ ನರದ ಕವಲುಗಳು ಹೋಗುವುದರಿಂದ ಮೇಲಿನ ಕೀಲು ಕೆಟ್ಟಾಗ ನೋವು ಕೆಳಗಿನ ಕೀಲಿನಲ್ಲಿ ಕಾಣಿಸಿಕೊಳ್ಳಬಹುದಂತೆ. ಆ ಎರಡು ವರ್ಷಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದ್ದರಿಂದಲೇ ಒತ್ತಿ ಹೇಳುತ್ತೇನೆ: ತೊಡೆಸಂದಿಯಲ್ಲಿ ಸೆಳೆತವಿದ್ದರೆ, ಕಾಲುಗುರು ಕತ್ತರಿಸಲು ಕೈ ಮುಟ್ಟದಿದ್ದರೆ, ಚಕ್ಕಳಮಕ್ಕಳ ಹಾಕಿ ಕೂಡಲು ಒಂದು ಕಾಲು ಒಪ್ಪದಿದ್ದರೆ, ಮೊಣಕಾಲಿನ ಜೊತೆಗೆ ಚಪ್ಪೆಯನ್ನೂ ತೋರಿಸಿಕೊಳ್ಳಿ.

ತೊಡೆಯೆಲುಬಿನ ತುದಿ ಒಂದು ಚೆಂಡು. ಅದು ಕೂಡುವ ಜಾಗ ಒಂದು ಬಟ್ಟಲು. ಎರಡರ ನಡುವೆ ನುಣ್ಣನೆಯ ಮೃದ್ವಸ್ಥಿ ಇರುತ್ತದೆ; ನನ್ನದು ಸವೆದು ಎಲುಬಿಗೆ ಎಲುಬು ತಾಗುತ್ತಿತ್ತು. ಹಳೆಯ ಚೆಂಡನ್ನು ತೆಗೆದು, ತೊಡೆಯೆಲುಬಿನೊಳಗೆ ಲೋಹದ ಕಾಂಡವನ್ನು ಇಳಿಸಿ, ಅದರ ತುದಿಗೆ ಹೊಸ ಚೆಂಡನ್ನು ಕೂಡಿಸಿ, ಬಟ್ಟಲಿಗೆ ಪಾಲಿಥಿನ್ ಒಳಪದರ ಹಾಕುತ್ತಾರೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ ಎಂಬ ವೈದ್ಯರು ಮೊದಲು ಟೆಫ್ಲಾನ್ ಬಟ್ಟಲು ಬಳಸಿದ್ದರು. ಅವು ಕೆಲವೇ ವರ್ಷಗಳಲ್ಲಿ ಸವೆದು ಹೋದವು. ಟೆಫ್ಲಾನ್ ಪುಡಿಗೆ ಮೈ ಹೇಗೆ ತಿರುಗಿಬೀಳುತ್ತದೆಂದು ತಿಳಿಯಲು ಅವರು ಅದನ್ನು ತಮ್ಮ ತೊಡೆಗೇ ಚುಚ್ಚಿಕೊಂಡು ನೋಡಿದರು. 1962ರಲ್ಲಿ ಗಟ್ಟಿ ಪಾಲಿಥಿನ್ ಬಟ್ಟಲಿಗೆ ಬಂದ ಮೇಲೆ ಈ ಶಸ್ತ್ರಚಿಕಿತ್ಸೆ ನೆಲೆ ನಿಂತಿತು. ನಮ್ಮ ಮಗ ಇದನ್ನೆಲ್ಲ ಓದಿ ಹೇಳುತ್ತಿದ್ದಾಗ ನಾನು ಆ ಪುಣ್ಯಾತ್ಮನನ್ನು ಮನಸ್ಸಿನಲ್ಲೇ ನೆನೆದೆ. ಜೊತೆಗೆ ಇನ್ನೊಂದು ಯೋಚನೆಯೂ ಬಂತು. ಅವರು ನೋಡುತ್ತಿದ್ದ ರೋಗಿಗಳು ಕುರ್ಚಿಯ ಮೇಲೆ ಕುಳಿತು ಮೇಜಿನ ಮೇಲೆ ಉಣ್ಣುವ ಜನ. ಕೀಲು ಬದಲಾದ ಮೇಲೆ ಅವರು ಮರಳಿ ಹೋದದ್ದು ಅದೇ ಕುರ್ಚಿಗೆ. ನಾನು ಮರಳಿ ಹೋಗಬೇಕಾಗಿದ್ದದ್ದು ನೆಲಕ್ಕೆ, ಮತ್ತು ನೆಲವೇ ನನಗೆ ನಿಷೇಧ.

ಮನೆಯನ್ನು ಎರಡಡಿ ಮೇಲಕ್ಕೆ ಎತ್ತುವ ಕೆಲಸ ನಾನು ಆಸ್ಪತ್ರೆಗೆ ಹೋಗುವ ಮೊದಲೇ ನಡೆದಿತ್ತು. ಇದು ನಮ್ಮ ಸೊಸೆಯ ಬುದ್ಧಿ. ಗೌಂಡಿಯನ್ನು ಕರೆಸಿ ಕುಳಿತುಕೊಳ್ಳುವ ಕಮೋಡ್ ಹಾಕಿಸಿದಳು, ಪಕ್ಕದ ಗೋಡೆಗೆ ಸ್ಟೀಲ್ ಹಿಡಿಕೆ ಕೂರಿಸಿದಳು. ಕಮೋಡ್ ಇನ್ನೂ ತಗ್ಗಾಯಿತೆಂದು ಅದರ ಮೇಲೆ ಇಡುವ ಎತ್ತರದ ಸೀಟನ್ನು ತರಿಸಿದಳು. ಬಡಿಗ ಬಂದು ಮಂಚದ ನಾಲ್ಕು ಕಾಲುಗಳಿಗೂ ಕಟ್ಟಿಗೆಯ ಗುಜ್ಜು ಕೊಟ್ಟ. ಕೂತಾಗ ಮೊಣಕಾಲು ಚಪ್ಪೆಗಿಂತ ತಗ್ಗಿನಲ್ಲಿರಬೇಕು, ಇದೊಂದೇ ಅಳತೆ. ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಗಳು ಒಂದೂ ಈ ಅಳತೆಗೆ ಬರಲಿಲ್ಲ. ಒಂದರ ಮೇಲೊಂದು ಮೂರು ಕುರ್ಚಿ ಸೇರಿಸಿ, ಮೇಲೆ ಗಟ್ಟಿ ಹಾಸನ್ನು ಕಟ್ಟಿದರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಮೇಲೆ ಗೌಂಡಿಯನ್ನು ಹುಡುಕುವ ಪಾಡು ಯಾರಿಗೂ ಬರಬಾರದು.

ದಸರೆ ಮುಗಿದ ವಾರ ಶಸ್ತ್ರಚಿಕಿತ್ಸೆ ಆಯಿತು. ಮೊದಲು ಮೈಮೇಲಿನ ಲೋಹವೆಲ್ಲ ತೆಗೆಯಬೇಕೆಂದರು. ಬಳೆ ಬಂದವು, ತಾಳಿ ಬಂತು. ಕಾಲುಂಗುರ ಬರಲಿಲ್ಲ. ದಾದಿ ಸೋಪು ಹಚ್ಚಿ, ದಾರ ಸುತ್ತಿ, ಬಹಳ ಹೊತ್ತು ತಿರುಗಿಸಿ ತೆಗೆದಳು. 41 ವರ್ಷ ಅಲ್ಲಿದ್ದ ಉಂಗುರ. ಬೆರಳಿನ ಸುತ್ತ ಬೆಳ್ಳನೆಯ ತಗ್ಗು ಉಳಿದಿತ್ತು, ಮಗುವಿನ ಮಣಿಕಟ್ಟಿನ ಗೆರೆಯ ಹಾಗೆ. ಶಸ್ತ್ರಚಿಕಿತ್ಸೆಗಿಂತ ಹೆಚ್ಚಾಗಿ ನನಗೆ ನೆನಪಿರುವುದು ಆ ಬೋಳು ಬೆರಳು. ಮರುದಿನವೇ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಹಳೆಯ ನೋವು, ಆ ಕೊರೆಯುವ ನೋವು, ಅಲ್ಲಿರಲಿಲ್ಲ. ಕೊಯ್ದ ಗಾಯದ ನೋವಿತ್ತು, ಆದರೆ ಅದು ಬೇರೆ ಜಾತಿಯದು. ಅದು ಮಾಯುವ ನೋವು ಎಂದು ಮೈಗೇ ಗೊತ್ತಾಗುತ್ತಿತ್ತು.

ಮನೆಗೆ ಬಂದ ಮೇಲಿನ ರಾತ್ರಿಗಳೇ ಕಷ್ಟ. ಅಂಗಾತ ಮಲಗಬೇಕು, ಎರಡು ಕಾಲುಗಳ ನಡುವೆ ದಿಂಬು ಇರಬೇಕು, ಹೊರಳಬಾರದು. ಹಿಂಭಾಗದಿಂದ ಕೊಯ್ದು ಮಾಡಿದ ಶಸ್ತ್ರಚಿಕಿತ್ಸೆಯಾದ್ದರಿಂದ ಅಲ್ಲಿನ ಸ್ನಾಯುಗಳು ಕೂಡಿಕೊಳ್ಳುವವರೆಗೆ ಕಾಲು ಬಾಗಿ ಒಳಕ್ಕೆ ತಿರುಗಿದರೆ ಚೆಂಡು ಬಟ್ಟಲಿನಿಂದ ಜಾರಬಹುದು. ಈ ಭಯ ನಿದ್ದೆಯಲ್ಲೂ ಬಿಡುತ್ತಿರಲಿಲ್ಲ. ಗದಗದ ಕಡೆಯಿಂದ ಬರುವ ರೈಲಿನ ಸಿಳ್ಳೆ ಕೇಳುತ್ತಾ, ಮಲಗಿದಲ್ಲೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದೊಂದು ವ್ಯಾಯಾಮ, ಜೊತೆಗೆ ದಿನವೂ ಗುಳಿಗೆ. ನೋಡಲು ಬಂದ ಹಿರಿಯರು ಪ್ರೀತಿಯಿಂದಲೇ ಎಣ್ಣೆ ಬಿಸಿ ಮಾಡಿ ಕಾಲು ತಿಕ್ಕಲು ಮುಂದಾದರು. ಬೇಡವೆನ್ನಲು ನನಗೆ ನಾಲಿಗೆ ಬರಲಿಲ್ಲ. ನಮ್ಮವರೇ ಎದ್ದು ನಿಂತು, "ಈ ಕಾಲಿಗೆ ಮಾಲೀಸು ಮಾಡಬಾರದು, ಹೆಪ್ಪು ಇದ್ದರೆ ಎದೆಗೆ ಏರುತ್ತದೆ" ಎಂದು ಕೈಮುಗಿದು ಹೇಳಿದರು. ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು. ಗಾಯ ಕೆಂಪಾಗಲಿಲ್ಲ, ಕೀವು ಬರಲಿಲ್ಲ, ಜ್ವರ ಬರಲಿಲ್ಲ. ಇದರ ಬಗ್ಗೆ ಹೆಚ್ಚು ಹೇಳಲು ಇಲ್ಲದಿರುವುದೇ ನನ್ನ ಪುಣ್ಯ.

ಹೇಳಬೇಕಾದದ್ದು ಹೊಸ್ತಿಲಿನ ವಿಷಯ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಬೆಳಿಗ್ಗೆ ಹೊಸ್ತಿಲು ತೊಳೆದು, ಅರಿಷಿಣ ಬಳಿದು, ಕುಂಕುಮ ಇಡುವುದು ನನ್ನ ಕೆಲಸ. ಪಾಠ ಹೇಳಲು ಶಾಲೆಗೆ ಹೋಗುತ್ತಿದ್ದ ದಿನಗಳಲ್ಲೂ ಅದನ್ನು ತಪ್ಪಿಸಿದವಳಲ್ಲ. ಕುಕ್ಕರಗಾಲಲ್ಲಿ ಕುಳಿತೇ ಮಾಡಬೇಕಾದ ಕೆಲಸ ಅದು. ಮನೆಗೆ ಬಂದ ಮರುದಿನ ಮಂಚದಿಂದ ನೋಡುತ್ತೇನೆ, ನಮ್ಮ ಮನೆಯವರು ತಂಬಿಗೆ ಹಿಡಿದು ಬಾಗಿಲಲ್ಲಿ ಕುಳಿತಿದ್ದಾರೆ. 70ರ ಹತ್ತಿರದ ಗಂಡಸು. ಅರಿಷಿಣವನ್ನು ಎಷ್ಟು ನೀರಿನಲ್ಲಿ ಕಲಸಬೇಕೆಂದು ತಿಳಿಯದೆ ನೀರಾಗಿಸಿ, ಅದು ಹರಿದು ಅಂಗಳಕ್ಕೆ ಇಳಿಯುತ್ತಿತ್ತು. ನಾನು ಏನೂ ಹೇಳಲಿಲ್ಲ. ಮೂರನೆಯ ದಿನ ಅವರೇ ಹದ ಕಂಡುಕೊಂಡರು. ಎಡದಿಂದ ಬಲಕ್ಕೆ ಮೂರು ಬೆರಳಲ್ಲಿ ಒಂದೇ ಎಳೆತಕ್ಕೆ ಬಳಿಯುವುದನ್ನೂ ಕಲಿತರು. ಬೀದಿಯಲ್ಲಿ ಹೋಗುವವರು ನಿಂತು ನೋಡಿದಾಗ, "ನಮ್ಮ ಮನೆಯಾಕೆ ಬಾಗುವ ಹಾಗಿಲ್ಲ" ಎಂದು ಅಷ್ಟೇ ಹೇಳಿ ಕೆಲಸ ಮುಂದುವರಿಸುತ್ತಿದ್ದರು. ಬಾಗುವ ಹಾಗಿಲ್ಲ ಎಂಬ ಆ ಮಾತನ್ನು ನಾನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. ಅವರ ಬಾಯಿಂದ ಬಂದಾಗ ಅದು ಕೊರತೆಯ ಮಾತಿನ ಹಾಗೆ ಕೇಳಿಸುತ್ತಿರಲಿಲ್ಲ.

ಕೈಯಿಂದ ಜಾರಿ ಬಿದ್ದದ್ದು ನನ್ನ ಪಾಲಿಗೆ ಹೋದಂತೆಯೇ ಇತ್ತು. ಕನ್ನಡಕ, ಗುಳಿಗೆಯ ಪೊಟ್ಟಣ, ಬಾಚಣಿಗೆ. ಮೊದಮೊದಲು ಯಾರನ್ನೂ ಕರೆಯದೆ ಅವು ಬಿದ್ದಲ್ಲೇ ಬಿದ್ದಿರಲಿ ಎಂದು ಕಾಯುತ್ತಿದ್ದೆ. 35 ವರ್ಷ ಮಕ್ಕಳಿಗೆ "ನಿಮ್ಮದನ್ನು ನೀವೇ ಎತ್ತಿಡಿ" ಎಂದು ಹೇಳಿದ ಬಾಯಿ ಇದು. ಕರೆಯುವುದನ್ನು ಕಲಿಯಲು ನನಗೆ ನಡೆಯುವುದನ್ನು ಕಲಿತದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ನಡಿಗೆ ಕಲಿಸಲು ವಾರಕ್ಕೆ ಮೂರು ದಿನ ಫಿಜಿಯೋಥೆರಪಿಯ ಹುಡುಗಿ ಬರುತ್ತಿದ್ದಳು. ಓಣಿಯವರೆಲ್ಲ ಕರೆಯುವಂತೆ ಅವಳೂ ನನ್ನನ್ನು ಅಕ್ಕಾವರೇ ಎಂದೇ ಕರೆದಳು. ಹೊಸ್ತಿಲು ದಾಟುವಾಗ ಮೊದಲು ವಾಕರ್, ಆಮೇಲೆ ಕಾಲು. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೊಯ್ದ ಕಾಲು ಮೊದಲು. ಆರು ವಾರ ಕಳೆದು ವಾಕರ್ ಹೋಗಿ ಕೋಲು ಬಂದಾಗ ನಾನು ಅದನ್ನು ಬಲಗೈಗೆ ತೆಗೆದುಕೊಂಡೆ, ಕೊಯ್ದದ್ದು ಬಲಗಾಲು ಎಂದು. ಅವಳು ಅದನ್ನು ಎಡಗೈಗೆ ಬದಲಿಸಿದಳು. "ಅಕ್ಕಾವರೇ, ಬಲಗಾಲಿನ ಮೇಲೆ ನಿಂತಾಗ ಎಡಭಾಗ ಕೆಳಗೆ ಜಗ್ಗುತ್ತದೆ. ಅದನ್ನು ಎತ್ತಿ ಹಿಡಿಯುವುದು ಬಲ ಚಪ್ಪೆಯ ಸ್ನಾಯು. ಅದಕ್ಕೆ ಇನ್ನೂ ಶಕ್ತಿ ಬಂದಿಲ್ಲ. ಎಡಗೈಯ ಕೋಲು ಅದರ ಭಾರವನ್ನು ಹಂಚಿಕೊಳ್ಳುತ್ತದೆ" ಎಂದಳು. ಎಂಟು ಹೆಜ್ಜೆ ಹಾಕಿದೆ. ಮೈ ವಾಲಲಿಲ್ಲ. ಇಷ್ಟು ಚೆನ್ನಾಗಿ ಪಾಠ ಹೇಳುವವರನ್ನು ಕಂಡರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಈ ಕೀಲು ಎಷ್ಟು ವರ್ಷ ಬಾಳುತ್ತದೆ ಎಂದು ಮೊಮ್ಮಗಳು ಕೇಳಿದಳು. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 100ರಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ ಎಂದು ಮಗ ಹೇಳಿದ. "ಹಾಗಾದರೆ ನನ್ನ ಮದುವೆಗೆ ನೀನು ನಡೆದೇ ಬರುತ್ತೀಯ ಅಜ್ಜಿ" ಎಂದಳು ಅವಳು.

ನಮ್ಮ ಹಿರಿಯ ನೆಗೆಣ್ಣಿ ಇರುವುದು ಕುಕನೂರಿನ ಹತ್ತಿರದ ಹಳ್ಳಿಯಲ್ಲಿ. ನನಗಿಂತ ಏಳು ವರ್ಷ ದೊಡ್ಡವಳು. ನನ್ನನ್ನು ನೋಡಲು ಬಂದವಳು ಎಂದಿನಂತೆ ಚಾಪೆಯ ಮೇಲೆ ಕುಳಿತಳು. ನಾನು ಮೂರು ಕುರ್ಚಿಗಳ ಆ ಎತ್ತರದಲ್ಲಿ. ಅವಳ ತಲೆ ನನ್ನ ಮೊಣಕಾಲಿನ ಮಟ್ಟಕ್ಕೆ ಬರುತ್ತಿತ್ತು. ಹಿರಿಯಳನ್ನು ಕೆಳಗೆ ಕೂಡಿಸಿ ನಾನು ಮೇಲೆ ಕುಳಿತು ಮಾತನಾಡಿದ್ದು ಅದೇ ಮೊದಲು. ಮಾತು ಬರಲಿಲ್ಲ. ಇಬ್ಬರೂ ಒಂದೇ ಪರಾತದ ಎರಡು ಬದಿಗೆ ಕುಳಿತು ಸಾವಿರಾರು ರೊಟ್ಟಿ ಬಡಿದವರು. ನಮ್ಮ ಮಾತೆಲ್ಲ ನಡೆದದ್ದು ಆ ಮಟ್ಟದಲ್ಲಿ, ಹಿಟ್ಟಿನ ಮೇಲೆ ಕಣ್ಣಿಟ್ಟುಕೊಂಡು. ಕುರ್ಚಿಯಿಂದ ಅವಳ ಬೈತಲೆಯಷ್ಟೇ ಕಾಣುತ್ತಿತ್ತು. "ಅಕ್ಕಾ, ನೀನೂ ಮೇಲೆ ಬಾ" ಎಂದೆ. ಅವಳು ಬರಲಿಲ್ಲ. "ನನಗೆ ಇಲ್ಲೇ ಸರಿ, ನೀನು ಮೇಲೆಯೇ ಇರು, ಬೇಗ ಗುಣವಾಗು" ಎಂದಳು. ಅವಳು ಹೋದ ಮೇಲೆ ನಾನು ಅತ್ತೆ. ನೋವಿಗೆ ಅತ್ತಿರಲಿಲ್ಲ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಬರಲೇಬೇಕೆಂದು ಅವಳೇ ಹೇಳಿ ಕಳಿಸಿದಳು. ಹತ್ತು ವಾರ ಕಳೆದಿತ್ತು, ವೈದ್ಯರು ಹೂಂ ಎಂದಿದ್ದರು. ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ದಿಂಬು ಹಾಕಿ, ಮೊದಲು ಹಿಂಭಾಗ ಊರಿ ಆಮೇಲೆ ಎರಡೂ ಕಾಲನ್ನು ಕೂಡಿಸಿ ಒಳಗೆ ತೆಗೆದುಕೊಂಡು ಹೊರಟೆ. ಎರೆಹೊಲ. ಜೋಳ ಎದೆಯೆತ್ತರ, ಸಾಲಿನ ಆಚೆ ಕಡಲೆ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದು ಎಲ್ಲರೂ ಊಟಕ್ಕೆ ಸುತ್ತ ಕುಳಿತರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿ ಪಲ್ಲೆ, ಶೇಂಗಾ ಹೋಳಿಗೆ. ನನಗೊಂದು ಕುರ್ಚಿ ಹಾಕಿದ್ದರು. ಕೂತೆ. ತಾಟು ಕೈಗೆ ಬರುವಷ್ಟರಲ್ಲಿ ಕುರ್ಚಿಯ ಹಿಂದಿನ ಎರಡು ಕಾಲು ಎರೆಮಣ್ಣಿನಲ್ಲಿ ಇಳಿಯತೊಡಗಿದವು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿತ್ತು. ಮೊಣಕಾಲು ಚಪ್ಪೆಗಿಂತ ಮೇಲೆ ಬಂತು. ಎದೆ ಝಲ್ಲೆಂದಿತು. ನೆಗೆಣ್ಣಿಯ ಮಗ ಓಡಿ ಬಂದು ನನ್ನ ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದ. ಏನೂ ಆಗಿರಲಿಲ್ಲ. ಟ್ರ್ಯಾಕ್ಟರಿನಿಂದ ಹಲಗೆ ತರುತ್ತೇನೆಂದು ಅವನು ಹೋದ. ನಾನು ಬೇಡ, ನಿಂತೇ ಉಣ್ಣುತ್ತೇನೆ ಎಂದೆ.

ಆಗ ಅಕ್ಕ ತನ್ನ ತಾಟು ಹಿಡಿದುಕೊಂಡು ಎದ್ದಳು. 71 ವರ್ಷದ ಮೊಣಕಾಲುಗಳನ್ನು ಒತ್ತಿ ಹಿಡಿದು ಎದ್ದು ಬಂದು ನನ್ನ ಪಕ್ಕ ನಿಂತಳು. ಒಂದು ಮಾತೂ ಆಡಲಿಲ್ಲ. ನಿಂತಲ್ಲೇ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ, ಅರ್ಧವನ್ನು ನನ್ನ ತಾಟಿಗೆ ಇಟ್ಟಳು. ಬಹಳ ದಿನಗಳ ಮೇಲೆ ಅವಳ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೆ ಬಂದಿತ್ತು. ಜಾತ್ರೆಯ ರೊಟ್ಟಿಯ ಮಾತು ಅವಳೇ ತೆಗೆದಳು.

ಪುಷ್ಯ ಮಾಸದ ಹುಣ್ಣಿಮೆ ಕಳೆಯುತ್ತಿದ್ದಂತೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಲಕ್ಷಾಂತರ ಜನ ಉಣ್ಣುವ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಬರುತ್ತದೆ. ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ತಲೆಯ ಮೇಲಿನ ಬುಟ್ಟಿಯಲ್ಲಿ. ನಾವಿಬ್ಬರೂ ಕೂಡಿ ಪ್ರತಿ ವರ್ಷ ಇನ್ನೂರು ರೊಟ್ಟಿ ಮಾಡುತ್ತಿದ್ದೆವು. "ಈ ವರ್ಷ ನಿನ್ನ ಪಾಲನ್ನು ನಾನೇ ಮಾಡುತ್ತೇನೆ" ಎಂದಳು. ಬೇಡ, ನಾನು ಎಷ್ಟಾದರೆ ಅಷ್ಟು ಮಾಡುತ್ತೇನೆ, ಟ್ರ್ಯಾಕ್ಟರು ಹೋಗುವಾಗ ನಮ್ಮ ಓಣಿಯಲ್ಲಿ ನಿಲ್ಲಿಸಲು ಹೇಳು ಎಂದೆ.

ಅಡುಗೆಮನೆಯ ಕಟ್ಟೆಯ ಮೇಲೆ ನಿಂತು ಬಡಿಯಲು ನೋಡಿದೆ. ಆಗಲಿಲ್ಲ. ರೊಟ್ಟಿ ಬಡಿಯಲು ಭುಜ ಪರಾತಕ್ಕಿಂತ ಸಾಕಷ್ಟು ಮೇಲಿರಬೇಕು, ಅಂಗೈಯ ಭಾರ ಮೇಲಿನಿಂದ ಬೀಳಬೇಕು. ಕಟ್ಟೆಯ ಎತ್ತರದಲ್ಲಿ ಕೈ ಮುಂದಕ್ಕೆ ಹೋಗುತ್ತದೆಯೇ ಹೊರತು ಕೆಳಕ್ಕೆ ಬೀಳುವುದಿಲ್ಲ. ಮಗನ ಹಳೆಯ ಓದುವ ಮೇಜನ್ನು ತರಿಸಿದೆ. ಅದರ ಮೇಲೆ ಗ್ಯಾಸ್ ಒಲೆ, ಪಕ್ಕದಲ್ಲಿ ಪರಾತ. ನಾನು ಎತ್ತರದ ಸ್ಟೂಲಿನ ಮೇಲೆ, ಬಲಗಾಲನ್ನು ಮುಂದಕ್ಕೆ ಚಾಚಿಕೊಂಡು.

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಬಿದ್ದರೇ ಅದು ಒಂದಾಗುವುದು. ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಹೊಯ್ದೆ, ಸೌಟಿನಿಂದ ತಿರುವಿದೆ, ಬಿಸಿ ಇರುವಾಗಲೇ ಕೈ ಹಾಕಿ ನಾದಿದೆ. ಮೂರು ತಿಂಗಳು ರಜೆಯಲ್ಲಿದ್ದ ಅಂಗೈಗೆ ಬಿಸಿ ತಾಗಿತು. ಮೊದಲ ರೊಟ್ಟಿ ಅಂಚಿನಲ್ಲಿ ಬಿರಿಯಿತು. ಎರಡನೆಯದನ್ನು ಹಂಚಿಗೆ ಹಾಕುವಾಗ ನಡುವೆ ಹರಿಯಿತು. ಇನ್ನಷ್ಟು ನಾದಿದೆ. ಮೂರನೆಯದಕ್ಕೆ ಕೈಗೆ ಹಳೆಯ ತಾಳ ಸಿಕ್ಕಿತು: ಬಲಗೈ ಬಡಿಯುತ್ತದೆ, ಎಡಗೈ ಅಂಚನ್ನು ಕಾಯುತ್ತದೆ, ಪ್ರತಿ ಏಟಿಗೆ ರೊಟ್ಟಿ ತಾನೇ ಒಂದಿಷ್ಟು ತಿರುಗುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ನೀರು ಇಂಗುತ್ತಲೇ ಮಗುಚಿದೆ. ಉಬ್ಬಿತು. ಪಕ್ಕದ ಕೋಣೆಯಿಂದ ನಮ್ಮ ಮನೆಯವರು, "ಸದ್ದು ಕೇಳಿ ಎಷ್ಟು ದಿನವಾಗಿತ್ತು" ಎಂದರು.

ಒಂದೇ ಸಮ ಕೂಡಬಾರದೆಂದು ಅರ್ಧ ಗಂಟೆಗೊಮ್ಮೆ ಎದ್ದು ಕೋಲಿಲ್ಲದೆ ಅಂಗಳದವರೆಗೆ ಹೋಗಿ ಬರುತ್ತಿದ್ದೆ. ಎರಡು ದಿನಕ್ಕೆ 31 ರೊಟ್ಟಿ. ಒಣಗಿಸಿ ಕಡಕ್ ಮಾಡಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದೆ.

ಜಾತ್ರೆಯ ಹಿಂದಿನ ದಿನ ಬೆಳಿಗ್ಗೆ ಓಣಿಯ ತುದಿಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ನಮ್ಮವರು ಗಂಟು ತೆಗೆದುಕೊಳ್ಳಲು ಬಂದರು. ನಾನು ಕೊಡಲಿಲ್ಲ. ಬಲಗೈಯಲ್ಲಿ ಗಂಟು, ಎಡಗೈಯಲ್ಲಿ ಕೋಲು. ಹೊಸ್ತಿಲ ಅರಿಷಿಣ ಇನ್ನೂ ಆರಿರಲಿಲ್ಲ. ಅದನ್ನು ತುಳಿಯದಂತೆ ದಾಟಿ, ಬಲಗಾಲನ್ನು ಮೊದಲು ಇಳಿಸಿ, ಎರಡು ಮೆಟ್ಟಿಲು ಇಳಿದೆ. ಟ್ರೇಲರಿನಲ್ಲಿ ಬುಟ್ಟಿಗಳು ಏರಿದ್ದವು, ಅವುಗಳ ನಡುವೆ ಅಕ್ಕ ಕುಳಿತಿದ್ದಳು. ನಾನು ಗಂಟನ್ನು ಮೇಲಕ್ಕೆ ಎತ್ತಿದೆ. ಅವಳು ಬಾಗಿ ಎರಡೂ ಕೈಯಿಂದ ತೆಗೆದುಕೊಂಡು, ತೂಗಿ ನೋಡಿ, "ಎಷ್ಟು ಮಾಡಿದೆ?" ಎಂದು ಕೇಳಿದಳು.